ಮೊದಲ ಶುಕ್ರವಾರದ ದನಿ

ನನ್ನ ಅಪ್ಪ ಚೌರಪ್ಪನ ಗಂಟಲಲ್ಲಿ ಇದ್ದದ್ದು ನಳಿನಾಕ್ಷಿ ನರ್ಸಮ್ಮನ ದನಿ. ಹುರಿಮೀಸೆಯ ದಪ್ಪ ಆಳು, ಬ್ಯಾಂಡ್ ಸೆಟ್ಟಿನ ದೊಡ್ಡ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ನಡೆದರೆ ಬೀದಿನಾಯಿಗಳು ದಾರಿ ಬಿಡುತ್ತಿದ್ದವು. ಬಾಯಿ ತೆರೆದರೆ ಮಾತ್ರ "ರೆಜೀ, ಉಂಡ್ಯೇನೇ ಕಂದ" ಎಂಬ ಅಕ್ಕರೆಯ ಹೆಣ್ಣುದನಿ. ಅತ್ತ ಆಸ್ಪತ್ರೆಯಲ್ಲಿ ನಳಿನಾಕ್ಷಮ್ಮ ಸೂಜಿ ಹಿಡಿದುಕೊಂಡು "ಅಲ್ಲಾಡ್ಬೇಡ" ಎಂದು ಗದರುತ್ತಿದ್ದದ್ದು ಅಂಚೆ ಹಂಚುವ ಇನ್ನಾಸಪ್ಪನ ದನಿಯಲ್ಲಿ. ಇನ್ನಾಸಪ್ಪನಿಗೆ ಯಾರದು ಬಂದಿತ್ತೋ ನನಗೆ ಮರೆತುಹೋಗಿದೆ. ನಮ್ಮೂರಲ್ಲಿ ಯಾರೂ ಇದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಹೊಸದಾಗಿ ಬಂದ ಬ್ಯಾಂಕಿನವರೋ ಮೇಷ್ಟರೋ ಎರಡು ದಿನ ತಬ್ಬಿಬ್ಬಾಗಿ, ಮೂರನೆಯ ದಿನ ಮುಖ ನೋಡಿಯೇ ಮಾತಾಡುವ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಸಮಾಜ ಪಾಠಕ್ಕೆ ಗೋಡೆಗೆ ತೂಗುಹಾಕುತ್ತಿದ್ದ ನಕಾಶೆಯಲ್ಲಿ ನಮ್ಮೂರು ಇರಬೇಕಾದ ಜಾಗದಲ್ಲೇ ಮಡಿಕೆ ಸವೆದು ಹರಿದಿತ್ತು. ಅದಕ್ಕೂ ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಇದೆಲ್ಲ ಆಗುವುದು ನಮ್ಮ ಶಾಲೆಯಲ್ಲಿ. ಅದಕ್ಕೆ ಒಂದು ಉದ್ದನೆಯ ಹೆಸರಿದೆ, ಆದರೆ ಊರಿನವರಿಗೆಲ್ಲ ಅದು ಗಂಟಲಿನ ಸಂತರ ಶಾಲೆ. ಸಿಸ್ಟರುಗಳು ನಡೆಸುವ ಹೈಸ್ಕೂಲು. ಪಕ್ಕದಲ್ಲಿ ಚರ್ಚು, ಹಿಂದೆ ಬೋರ್ಡಿಂಗು, ಅದರಾಚೆ ಅಡುಗೆಮನೆ. ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ಬಲಿಪೂಜೆ ಮುಗಿದ ಮೇಲೆ ಎಲ್ಲ ಧರ್ಮದ ಮಕ್ಕಳೂ ಸಾಲಾಗಿ ನಿಲ್ಲಬೇಕು. ಫಾದರು ಕೆಂಪು ರಿಬ್ಬನ್ನಿನಲ್ಲಿ ಅಡ್ಡಡ್ಡ ಕಟ್ಟಿದ ಎರಡು ಮೇಣದಬತ್ತಿಗಳನ್ನು ಒಬ್ಬೊಬ್ಬರ ಗಂಟಲಿಗೆ ತಾಗಿಸಿ ಪ್ರಾರ್ಥನೆ ಹೇಳುತ್ತಾರೆ. ಅಲ್ಲಿಂದ ತುಟಿ ಬಿಚ್ಚದೆ ತರಗತಿಗೆ ಬಂದು ಕೂರಬೇಕು. ಆಮೇಲೆ ಬಾಯಿ ಬಿಟ್ಟರೆ ಬರುವುದು ತರಗತಿಯ ಇನ್ಯಾರದೋ ದನಿ. ಎಂಟನೆಯವರದು ಎಂಟನೆಯವರಲ್ಲೇ, ಒಂಬತ್ತರದು ಒಂಬತ್ತರಲ್ಲೇ ಓಡಾಡುತ್ತದೆ. ಹತ್ತನೆಯವರಿಗೆ ಫೆಬ್ರವರಿಯ ಮೊದಲ ಶುಕ್ರವಾರವೇ ಕೊನೆಯದು. ಅಂದು ಬಂದ ದನಿ ಸಾಯುವವರೆಗೆ. ಅಂದು ಯಾರಿಗಾದರೂ ತನ್ನದೇ ದನಿ ವಾಪಸು ಬಂದರೆ ಚರ್ಚಿನ ಗಂಟೆಯನ್ನು ಮೂರು ಸಲ ಬಾರಿಸುತ್ತಿದ್ದರು. ಅಪ್ಪನ ಕಾಲದಲ್ಲಿ ಒಮ್ಮೆ ಬಾರಿಸಿದ್ದರಂತೆ. ಡ್ರಮ್ಮು ಬಡಿದೂ ಬಡಿದೂ ಅವನ ಕಿವಿ ಮಂದವಾಗಿದ್ದರಿಂದ ಆ ಗಂಟೆಯನ್ನು ಅವನು ಕೇಳಿದ್ದನೋ ಇಲ್ಲವೋ ಗೊತ್ತಿಲ್ಲ. ಎಲ್ಲ ದನಿಯೂ ಒಂದೇ ಥರ ಕೇಳಿಸುತ್ತದೆ ಎಂದು ಹೇಳಿ ನಗುತ್ತಿದ್ದ. ಅಮ್ಮ ನಾನು ಕೈಗೂಸಾಗಿದ್ದಾಗಲೇ ತೀರಿಕೊಂಡಿದ್ದಳು.

ಎಂಟನೆಯ ತರಗತಿಯ ಮೊದಲ ದಿನ ಸಿಸ್ಟರ್ ಯುಲೇಲಿಯಾ ನಮ್ಮ ನಲವತ್ತೆರಡು ಜನರನ್ನು ಎತ್ತರ ನೋಡಿ ಕೂರಿಸಿದರು. ಹುಡುಗಿಯರಲ್ಲಿ ಎಲ್ಲರಿಗಿಂತ ಗಿಡ್ಡದವರು ನಾನು ಮತ್ತು ಆಗ್ನೇಸ್. ಮೊದಲ ಬೆಂಚು ನಮ್ಮ ಪಾಲಿಗೆ ಬಂತು. ಗೋಡೆಯ ಕಡೆ ಅವಳು, ದಾರಿಯ ಕಡೆ ನಾನು. ಆಗ್ನೇಸ್ ಬೋರ್ಡಿಂಗಿನ ಅಡುಗೆಯ ಜ್ಞಾನಮ್ಮನ ಮಗಳು. ಮಾತಾಡಿದರೆ ಕಿವಿಯ ಹತ್ತಿರ ಬಂದು ಪಿಸುಗುಟ್ಟುತ್ತಿದ್ದಳು, ಅಷ್ಟು ನಾಚಿಕೆ. ನನಗೆ ನಾಚಿಕೆಯ ಪರಿಚಯವೇ ಇರಲಿಲ್ಲ. ಸಿಸ್ಟರ್ ನಾವು ಕೂತ ಕ್ರಮದಲ್ಲೇ ಹೆಸರುಗಳನ್ನು ದನಿ ಪುಸ್ತಕದಲ್ಲಿ ಬರೆದುಕೊಂಡರು. ದಪ್ಪ ರಟ್ಟಿನ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ ಪುಸ್ತಕ ಅದು. ದನಿ ಕೇಳಿ ಬರೆಯುವ ಕೆಲಸ ಊಟದ ಮೇಲೆ ಎಂದರು.

ಅಷ್ಟರಲ್ಲಿ ನನ್ನ ಕಡೆಯ ಬೆಂಚಿನಲ್ಲಿ ಎದ್ದಿದ್ದ ಮೊಳೆಯೊಂದು ನನ್ನ ಹೊಸ ಸ್ಕರ್ಟನ್ನು ಎರಡು ಸಲ ಎಳೆದಿತ್ತು. ಊಟ ಮುಗಿಸಿ ಬಂದಾಗ ಆಗ್ನೇಸ್ ನನ್ನ ಕಿವಿಗೆ ಬಾಯಿಟ್ಟು, "ನೀನು ಗೋಡೆ ಕಡೆ ಬಾ. ನಂದು ಹಳೇ ಸ್ಕರ್ಟು, ಹರಿದ್ರೂ ಅಮ್ಮ ಬಯ್ಯಲ್ಲ" ಎಂದಳು. ಮರುದಿನ ಜವಾನ ಸುತ್ತಿಗೆ ತಂದು ಮೊಳೆ ಬಡಿದ ಮೇಲೆ ನಾವು ಮತ್ತೆ ನಮ್ಮ ನಮ್ಮ ಜಾಗಕ್ಕೆ ಹೋದೆವು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಯಾರಾದರೂ ನನಗೆ ಒಂದು ಉಪಕಾರ ಮಾಡಿದರೆ ನಾನು ಅದನ್ನು ಸುಲಭಕ್ಕೆ ಮರೆಯುವವಳಲ್ಲ, ಅಷ್ಟೇ.

ಆ ಮಧ್ಯಾಹ್ನ ಸಿಸ್ಟರ್ ಕಣ್ಣು ಮುಚ್ಚಿ ಕೂತರು. ಮುಖ ನೋಡಿದರೆ ಕಿವಿ ಮೋಸ ಹೋಗುತ್ತದೆ ಎಂಬುದು ಅವರ ನಂಬಿಕೆ. ರೂಲರಿನಿಂದ ಮೇಜಿಗೆ ಒಮ್ಮೆ ತಟ್ಟಿದರೆ ಕೂತ ಕ್ರಮದಲ್ಲೇ ಒಬ್ಬರು "ಹಾಜರ್ ಸಿಸ್ಟರ್" ಎನ್ನಬೇಕು. ಅವರು ಕಣ್ಣು ತೆರೆದು, ಪುಸ್ತಕ ಬಿಟ್ಟು ಬೇರೆಲ್ಲೂ ನೋಡದೆ, ಆ ಹೆಸರಿನ ಮುಂದೆ ದನಿಯ ಗುಣ ಬರೆದು ಮತ್ತೆ ಕಣ್ಣು ಮುಚ್ಚುತ್ತಿದ್ದರು. ಒಮ್ಮೆ ಕೇಳಿದ ದನಿಯನ್ನು ಅವರು ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಆಗ್ನೇಸ್ ಎಂಬ ಹೆಸರಿನ ಮುಂದೆ "ಗಟ್ಟಿ, ಒಡಕು, ಅವಸರದ ದನಿ" ಎಂದು ಬಿತ್ತು. ನನ್ನ ಹೆಸರಿನ ಮುಂದೆ "ಮೆಲುದನಿ, ಉಸಿರೇ ಹೆಚ್ಚು" ಎಂದು. ನನಗೆ ಆಶ್ಚರ್ಯವಾಯಿತು. ನಾನು ಬೀದಿಯ ಆ ತುದಿಯಿಂದ ಕೂಗಿದರೆ ಈ ತುದಿಯ ಎಮ್ಮೆ ತಿರುಗಿ ನೋಡುತ್ತಿತ್ತು. ಆದರೆ ತನ್ನ ದನಿ ಹೊರಗೆ ಹೇಗೆ ಕೇಳುತ್ತದೆಂದು ಯಾರಿಗೆ ತಾನೆ ಗೊತ್ತಿರುತ್ತದೆ? ದನಿ ಪುಸ್ತಕ ಎಂದೂ ತಪ್ಪಿಲ್ಲ ಎಂದು ಹತ್ತನೆಯವರು ಹೇಳಿದರು. ಸರಿ, ಒಳಗೆ ಎಲ್ಲೋ ನಾನು ಮೆತ್ತಗಿನವಳೇ ಇರಬೇಕು ಎಂದುಕೊಂಡು ಸುಮ್ಮನಾದೆ. ನಾಲ್ಕು ದಿನ ಕಳೆದು ಮೊದಲ ಶುಕ್ರವಾರ ಬಂದೇ ಬಿಟ್ಟಿತು. ಒಬ್ಬರ ದನಿ ಒಬ್ಬರಿಗೆ ಸರಿಯಾಗಿ ಪರಿಚಯವಾಗುವ ಮೊದಲೇ ಎಲ್ಲರದೂ ಚೆಲ್ಲಾಪಿಲ್ಲಿಯಾಯಿತು.

ಆಮೇಲಿನದು ಬರೀ ಗೊಂದಲ, ಆದರೆ ಸುಖದ ಗೊಂದಲ. ಪ್ರತಿ ಮೊದಲ ಶುಕ್ರವಾರ ಹಾಜರಿಯಾಗುವಾಗ ಒಬ್ಬೊಬ್ಬರೂ ಬಾಯಿ ಬಿಟ್ಟೊಡನೆ ಅದು ಯಾರದೆಂದು ತರಗತಿಯೆಲ್ಲ ಕೂಗುತ್ತಿತ್ತು. ಸಿಸ್ಟರ್ ತಲೆದೂಗಿ ಬರೆದುಕೊಳ್ಳುತ್ತಿದ್ದರು. ಗಾನವೃಂದವನ್ನು ತಿಂಗಳು ತಿಂಗಳು ಹೊಸದಾಗಿ ಆರಿಸಬೇಕಾಗಿತ್ತು. ಒಳ್ಳೆಯ ದನಿ ಬಂದವನಿಗೆ ತಾಳ ಬರುತ್ತಿರಲಿಲ್ಲ, ತಾಳ ಬಲ್ಲವಳಿಗೆ ಕಪ್ಪೆಯ ದನಿ ಬಂದಿರುತ್ತಿತ್ತು. ಕ್ರಿಸ್ಮಸ್ಸಿಗೆ ಬಾಲಯೇಸುವಿನ ಗೋದಲಿಯ ಮುಂದೆ ಹಾಡುವಾಗ ಹಾರ್ಮೋನಿಯಂ ಸಿಸ್ಟರ್ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರು, ಅದು ಭಕ್ತಿಯಿಂದಲ್ಲ. ನಮ್ಮ ಲೀಡರು ಶಿವರುದ್ರ, ಮರ ಕೊಯ್ಯುವ ಮಿಲ್ಲಿನವರ ಮಗ, ಯಾವ ವಿಷಯಕ್ಕೂ ನಿಯಮ ಹುಡುಕುವವನು. ಭಾಷಣ ಸ್ಪರ್ಧೆಯಲ್ಲಿ ಅವನು ಇನ್ನೊಬ್ಬಳ ದನಿಯಲ್ಲಿ ಗೆದ್ದು ಬಂದಾಗ ಬಹುಮಾನದ ಕಪ್ಪು ಯಾರದೆಂದು ಜಗಳವಾಗಿ, ಆರು ತಿಂಗಳು ಅವನ ಮನೆಯಲ್ಲಿ, ಆರು ತಿಂಗಳು ಅವಳ ಮನೆಯಲ್ಲಿ ಇಡುವುದೆಂದು ಅವನೇ ತೀರ್ಪು ಕೊಟ್ಟ. ಆಗ್ನೇಸಳದೆಂಬ ಒಡಕು ದನಿ ಯಾರಿಗಾದರೂ ಬಂದರೆ ನಾವೆಲ್ಲ ಅವಳನ್ನು ಕಾಡುತ್ತಿದ್ದೆವು: "ಇಷ್ಟು ನಾಚಿಕೆ ಬುರುಕಿಗೆ ಇಷ್ಟು ದೊಡ್ಡ ಗಂಟಲು ಯಾಕೇ ಕೊಟ್ಟ ದೇವರು?" ಅವಳು ಕೆನ್ನೆ ಕೆಂಪಾಗಿಸಿಕೊಂಡು ನಗುತ್ತಿದ್ದಳು. ಊಟದ ಹೊತ್ತಿಗೆ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋಗಿ, ಆ ತಿಂಗಳು ಯಾರ ದನಿ ಬಂದಿದ್ದರೂ ಒಂದೇ ಮಾತು ಕೇಳುತ್ತಿದ್ದಳು: "ಅಮ್ಮ, ಇವತ್ತೇನ್ ಸಾರು?"

ಒಂಬತ್ತನೆಯ ತರಗತಿಯ ಆಗಸ್ಟಿನಲ್ಲಿ, ಮೊದಲ ಶುಕ್ರವಾರದ ಹಾಜರಿಯಲ್ಲಿ ಆಗ್ನೇಸ್ ಎದ್ದು ನಿಂತು "ಹಾಜರ್ ಸಿಸ್ಟರ್" ಎಂದಾಗ ತರಗತಿ "ರೆಜಿನಾ!" ಎಂದು ಕೂಗಿತು. ನನ್ನ ಮೆಲುದನಿ ಅವಳಿಗೆ ಬಂದಿತ್ತು. "ಜೋಪಾನ ಕಣೇ" ಎಂದೆ ನಾನು. ಅವಳು ಸಂಜೆಗೆ ಜ್ವರ ಎಂದು ಮಲಗಿದಳು. ಒಂಬತ್ತು ದಿನಕ್ಕೆ ಹೋಗಿಬಿಟ್ಟಳು.

ಮಣ್ಣು ಕೊಡುವಾಗ ತರಗತಿಯ ಪರವಾಗಿ ಎರಡು ಮಾತು ಹೇಳಲು ಶಿವರುದ್ರ ಮುಂದೆ ಬಂದ. ಆ ತಿಂಗಳು ಅವನಿಗೆ ಬಂದಿದ್ದದ್ದು ಆಗ್ನೇಸಳದೆಂಬ ಆ ಗಟ್ಟಿ ಒಡಕು ದನಿ. ಅವನು "ನಮ್ಮ ಗೆಳತಿ" ಎಂದಷ್ಟೇ ಅಂದ, ಇಡೀ ತರಗತಿ ಗೊಳೋ ಎಂದು ಅತ್ತಿತು. ಸಿಸ್ಟರ್ ಯುಲೇಲಿಯಾ ಕೂಡ ಅತ್ತರು. ಮಗಳ ಪೆಟ್ಟಿಗೆಯ ಮೇಲೆ ಬಾಗಿದ್ದ ಜ್ಞಾನಮ್ಮ ತಲೆ ಎತ್ತಿದಳು. ಅವಳು ಶಿವರುದ್ರನನ್ನು ನೋಡಲಿಲ್ಲ. ಸಾಲುಗಳಲ್ಲಿ ಹುಡುಕಿ ನನ್ನನ್ನು ನೋಡಿದಳು, ತುಂಬ ಹೊತ್ತು. ಅವಳ ಮಗಳು ಕೊನೆಯ ಮಾತುಗಳನ್ನು ನನ್ನ ದನಿಯಲ್ಲಿ ಆಡಿ ಸತ್ತಳಲ್ಲ, ಅದಕ್ಕೇ ನನ್ನ ಮೇಲೆ ಸಿಟ್ಟು ಎಂದುಕೊಂಡೆ. ಯೋಚಿಸಿದರೆ ಸಿಟ್ಟು ಬರಬೇಕಾದದ್ದು ನನಗೆ. ನನ್ನ ದನಿ ಅವಳ ಜೊತೆ ಮಣ್ಣಿಗೆ ಹೋಗಿತ್ತು. ನಲವತ್ತೊಂದು ಮಕ್ಕಳು, ನಲವತ್ತೊಂದು ದನಿ, ಸರಿಹೋಯಿತು. ಆದರೆ ಅದರಲ್ಲಿ ನನ್ನದಿರಲಿಲ್ಲ. ಉಳಿದವರಿಗೆಲ್ಲ ತಮ್ಮದು ಎಂದಾದರೂ ಬಂದೀತೆಂಬ ಆಸೆ ಇತ್ತು. ನನಗೆ ಮಾತ್ರ ಜನ್ಮವಿಡೀ ಎರವಲು ಗಂಟಲು.

ಮರುದಿನ ಶಿವರುದ್ರ ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಹೋಗಿ, "ಅಮ್ಮ, ಇವತ್ತೇನ್ ಸಾರು?" ಎಂದು ಕೇಳಿದ. ನಾವೆಲ್ಲ ಹಿಂದೆ ನಿಂತಿದ್ದೆವು. ಜ್ಞಾನಮ್ಮ ಸೌಟು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡು, "ಬಸ್ಸಾರು ಕಣಪ್ಪ. ಬಾ, ಕೂತ್ಕೊ" ಎಂದಳು. ಅಲ್ಲಿಂದ ಅದೇ ರೂಢಿಯಾಯಿತು. ಆಗ್ನೇಸಳ ದನಿ ಯಾರಿಗೆ ಬಂದರೂ ಅವರು ಆ ದಿನವೇ ಅಡುಗೆಮನೆಗೆ ಹೋಗಿ ಸಾರು ಕೇಳಬೇಕು, ಅಲ್ಲೇ ಕೂತು ಉಂಡು, ಸ್ವಲ್ಪ ಹೊತ್ತು ಮಾತಾಡಿ ಬರಬೇಕು. ತಾಹಿರಾ ಹೋದಳು, ಬೆನ್ನಿ ಹೋದ, ಹಿಂದಿನ ಬೆಂಚಿನ ಉಡಾಳರೂ ತಲೆ ಬಾಚಿಕೊಂಡು ಹೋದರು. ಜ್ಞಾನಮ್ಮ ಎಲ್ಲರಿಗೂ ಬಡಿಸಿದಳು, ಎಲ್ಲರ ಮಾತನ್ನೂ ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ಒಂದೇ ಒಂದು ಸಂಗತಿ ನಮಗೆ ಅರ್ಥವಾಗಲಿಲ್ಲ. ಒಂದು ದಿನವೂ ಅವಳ ಬಾಯಿಂದ ಆಗ್ನೇಸ್ ಎಂಬ ಹೆಸರು ಬರಲಿಲ್ಲ. ದುಃಖ ಇರಬೇಕು ಎಂದು ತಾಹಿರಾ ಹೇಳಿದಳು. ನಾವೂ ಹೌದೆಂದೆವು.

ನನಗೆ ಮಾತ್ರ ಆ ದನಿ ಬರಲೇ ಇಲ್ಲ. ಸದ್ಯ ಎಂದುಕೊಂಡೆ. ಜ್ಞಾನಮ್ಮನ ಎದುರು ಹೇಗೆ ಕೂರಲಿ? ಒಂದು ಭಾನುವಾರ ಪೂಜೆ ಮುಗಿದ ಮೇಲೆ ಸಮಾಧಿಯ ಹತ್ತಿರ ಹೋಗಿ, ಯಾರೂ ಇಲ್ಲದ್ದು ನೋಡಿ, "ರೆಜಿನಾ" ಎಂದು ನನ್ನನ್ನೇ ಕರೆದೆ. ಒಳಗಿಂದ ನನ್ನ ದನಿ ಓ ಎನ್ನುತ್ತದೆಂದು ನಂಬಿದ್ದೆನೋ ಏನೋ. ಆ ತಿಂಗಳು ನನಗಿದ್ದದ್ದು ಬೆನ್ನಿಯ ದನಿ. ಅದು ಆಗ ತಾನೇ ಒಡೆಯಲು ಶುರುವಾಗಿದ್ದರಿಂದ ಅರ್ಧ ಮೇಲೆ, ಅರ್ಧ ಕೆಳಗೆ ಹೋಗಿ ನನಗೇ ನಗು ಬಂತು. ನಕ್ಕಿದ್ದಕ್ಕೆ ಹೆದರಿ ಪಾಪನಿವೇದನೆಗೆ ಹೋದೆ.

"ಫಾದರ್, ಸತ್ತವಳ ಮೇಲೆ ನಂಗೆ ಸಿಟ್ಟಿದೆ. ನನ್ನ ದನಿ ತಗೊಂಡ್ ಹೋಗ್ಬಿಟ್ಳು."

ಜಾಲರಿಯ ಆಚೆಯಿಂದ ಫಾದರು, "ಬೆನ್ನೀ, ನಿನ್ನ ದನಿ ನಿನ್ನಲ್ಲೇ ಇದೆಯಲ್ಲಪ್ಪ" ಎಂದರು.

"ನಾನು ಬೆನ್ನಿ ಅಲ್ಲ ಫಾದರ್."

"ಓ" ಎಂದರು. "ಹಾಗಿದ್ರೆ ನೀನು ಯಾರು?"

ಅದಕ್ಕೆ ಉತ್ತರ ಹೇಳುವುದು ನಿಯಮಕ್ಕೆ ವಿರುದ್ಧವೋ ಏನೋ ತಿಳಿಯದೆ ಎದ್ದು ಬಂದೆ. ನಿಜ ಹೇಳಬೇಕೆಂದರೆ ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮೆತ್ತಗಿನವಳೆಂದು ಪುಸ್ತಕ ಹೇಳುತ್ತದೆ. ಆ ಮೆತ್ತಗಿನವಳು ಮಣ್ಣಲ್ಲಿದ್ದಾಳೆ. ಇಲ್ಲಿ ಬಾಯಿ ಮಾಡುತ್ತಿರುವವಳು ಯಾರು?

ಹತ್ತನೆಯ ತರಗತಿಯ ಜನವರಿಯಲ್ಲಿ ಶಿವರುದ್ರ ಸಭೆ ಕರೆದ. ಪಿ.ಟಿ. ಪಿರಿಯಡ್ಡು, ಮೈದಾನದ ಮೂಲೆಯಲ್ಲಿ ಸಂತರ ಪ್ರತಿಮೆಯ ಕಟ್ಟೆ. ಬರುವ ತಿಂಗಳು ಕೊನೆಯ ಮೇಣದಬತ್ತಿ. ಆಗ್ನೇಸಳ ದನಿ ಅಂದು ಯಾರಿಗೆ ಬರುತ್ತದೋ ಅವರ ಗಂಟಲಲ್ಲೇ ಉಳಿಯುತ್ತದೆ. ಅವರು ಊರು ಬಿಟ್ಟು ಹೋದರೆ ಜ್ಞಾನಮ್ಮನ ಗತಿ?

"ಅದಕ್ಕೆ ನಿಯಮ ಮಾಡೋಣ" ಎಂದ. "ಅದು ಯಾರಿಗೆ ಬಂದ್ರೂ ಅವರು ಊರು ಬಿಡಂಗಿಲ್ಲ. ಓದೋದಾದ್ರೆ ಇಲ್ಲೇ ಓದ್ಬೇಕು, ಕೆಲಸ ಆದ್ರೂ ಇಲ್ಲೇ. ಆ ಅಮ್ಮ ಇರೋ ತನಕ ಮೊದಲ ಶುಕ್ರವಾರ ಹೋಗಿ ಸಾರು ಕೇಳ್ಬೇಕು."

"ಮದುವೆ ಆದ್ರೆ?" ಎಂದು ಯಾರೋ ಕೇಳಿದರು.

"ಇದೇ ಊರವರನ್ನ ಆಗ್ಬೇಕು."

ಎಲ್ಲರೂ ಸಂತರ ಪಾದ ಮುಟ್ಟಿ ಆಣೆ ಮಾಡಿದರು. ನಾನೂ ಮಾಡಿದೆ. ಆ ಹೊತ್ತಿಗೆ ಸಿಸ್ಟರ್ ಯುಲೇಲಿಯಾ ದೂರದ ಊರಿನ ತಮ್ಮ ಕಾಲೇಜಿನಲ್ಲಿ ನನಗೆ ಸೀಟು ಕೊಡಿಸಿದ್ದರು, ಹಾಸ್ಟೆಲ್ಲೂ ಅಲ್ಲೇ. ಅಪ್ಪ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದ. ನನಗೆ ಹೋಗಲೇಬೇಕಿತ್ತು. ದನಿ ಬದಲಾಗದ ಊರಿನಲ್ಲಿ ನಾಲ್ಕು ದಿನ ಇದ್ದರೆ ನಾನು ಯಾರೆಂದು ಒಂದು ತೀರ್ಮಾನಕ್ಕೆ ಬರಬಹುದೆಂಬ ಆಸೆ. ಆದರೂ ಧೈರ್ಯವಾಗಿ ಆಣೆ ಮಾಡಿದೆ. ಹದಿನೈದು ಸಲ ನನ್ನ ಹತ್ತಿರ ಸುಳಿಯದ ದನಿ ಹದಿನಾರನೆಯ ಸಲ ಹುಡುಕಿಕೊಂಡು ಬರುತ್ತದೆಯೇ?

ಬಂತು. ಫೆಬ್ರವರಿಯ ಮೊದಲ ಶುಕ್ರವಾರ, ಸಿಸ್ಟರ್ ರೂಲರು ತಟ್ಟಿದರು, ನಾನು ಎದ್ದು "ಹಾಜರ್ ಸಿಸ್ಟರ್" ಎಂದೆ. ತರಗತಿ ಕೂಗಲಿಲ್ಲ. ಆಮೇಲೆ ತಾಹಿರಾ ಮೆಲ್ಲಗೆ, "ಆಗ್ನೇಸ್" ಎಂದಳು. ಸಿಸ್ಟರ್ ತಲೆದೂಗಿ ಬರೆದರು. ಶಿವರುದ್ರ ನನ್ನನ್ನು ನೋಡಿದ, ಅವನ ಕಣ್ಣು ಒದ್ದೆಯಾಗಿತ್ತು. ನನ್ನ ಸೀಟಿನ ವಿಷಯ ಅವನಿಗೆ ಗೊತ್ತಿತ್ತು.

"ಬೇಜಾರ್ ಮಾಡ್ಕೋಬೇಡ" ಎಂದ. "ಆಣೆ ಆಣೆನೇ."

ನನಗೆ ಬೇಜಾರೋ ಸಿಟ್ಟೋ ಭಯವೋ ತಿಳಿಯಲಿಲ್ಲ. ನನ್ನದನ್ನು ತೆಗೆದುಕೊಂಡು ಹೋದವಳು ತನ್ನದನ್ನು ನನ್ನ ತಲೆಗೆ ಕಟ್ಟಿ ಹೋಗಿದ್ದಳು. ಇನ್ನು ಮೇಲೆ ನಾನು ಕೆಮ್ಮಿದರೂ ಅದು ಆಗ್ನೇಸಳದು. ಕಾಲೇಜಿಲ್ಲ, ಹಾಸ್ಟೆಲ್ಲಿಲ್ಲ. ಅಪ್ಪನಿಗೆ ಹೇಗೆ ಹೇಳುವುದು? ಮಾತಾಡಲು ಬಾಯಿ ತೆರೆಯಲೇ ಹೆದರಿಕೆಯಾಯಿತು. ಕಾಲು ಮಾತ್ರ ರೂಢಿಯಂತೆ ಅಡುಗೆಮನೆಯ ಕಡೆ ನಡೆಯಿತು. ಜೊತೆಗೆ ಬರುತ್ತೇವೆಂದವರನ್ನು ಬೇಡವೆಂದೆ.

ಜ್ಞಾನಮ್ಮ ಒಬ್ಬಳೇ ಇದ್ದಳು. ಕೊಳಗದಲ್ಲಿ ಸಾರು ಕುದಿಯುತ್ತಿತ್ತು, ಅವಳು ಬೆನ್ನು ಮಾಡಿ ನಿಂತು ಮುದ್ದೆ ಕಟ್ಟುತ್ತಿದ್ದಳು. ನಾನು ಬಾಗಿಲು ಹಿಡಿದುಕೊಂಡು, "ಅಮ್ಮ, ಇವತ್ತೇನ್ ಸಾರು?" ಎಂದೆ.

ಅವಳು ತಿರುಗಲಿಲ್ಲ. "ಹುರುಳಿ ಸಾರು. ಈ ತಿಂಗಳು ಯಾರಿಗಪ್ಪ ಬಂತು?" ಎಂದು ಕೇಳುತ್ತ ತಿರುಗಿ ನನ್ನನ್ನು ಕಂಡಳು. ಕೈಯಲ್ಲಿದ್ದ ಮುದ್ದೆ ಹಾಗೇ ಉಳಿಯಿತು. ಆಮೇಲೆ ನಕ್ಕಳು. ಮಗಳು ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಬಂತೇನೇ ನಿಂದು ನಿಂಗೆ!"

"ನಂದಲ್ಲಮ್ಮ" ಎಂದು ಅಳಲು ಶುರು ಮಾಡಿದೆ. "ಇದು ಆಗ್ನೇಸಂದು. ನಂದು ಅವಳ ಜೊತೇಲೇ ಹೋಯ್ತು."

"ಯಾರೇ ಹೇಳ್ದೋರು?"

"ದನಿ ಪುಸ್ತಕದಲ್ಲಿ..."

"ಪುಸ್ತಕಕ್ಕೇನೇ ಗೊತ್ತು? ಹೆತ್ತೋಳು ನಾನು." ಅವಳು ಕೈ ತೊಳೆದುಕೊಂಡು ಬಂದು ನನ್ನನ್ನು ಮಣೆಯ ಮೇಲೆ ಕೂರಿಸಿದಳು. "ಎಂಟನೇ ಕ್ಲಾಸಿಗೆ ಸೇರಿದ ನಾಲ್ಕು ದಿನವೂ ಅವಳ ಜೊತೆ ಬಂದು ಇದೇ ಬಾಗಿಲಲ್ಲಿ ನಿಂತ್ಕೊಂಡು, ಹೊಟ್ಟೆ ಹಸೀತಮ್ಮ, ಹೊಟ್ಟೆ ಹಸೀತಮ್ಮ ಅಂತ ಬೋರ್ಡಿಂಗ್ ಹಾರೋಗೋ ಥರ ಕೂಗ್ತಿದ್ದೋಳು ಯಾರು? ಈ ಒಡಕು ಗಂಟಲು ನಂಗೆ ಮರ್ತೋಯ್ತದಾ? ನನ್ ಮಗಳದು ಎಲ್ಲಿತ್ತೇ ಇಷ್ಟು ಗಂಟಲು? ಅವಳದು ಬರೀ ಉಸಿರು."

ಮೆಲುದನಿ, ಉಸಿರೇ ಹೆಚ್ಚು. ನನ್ನ ತಲೆಯೊಳಗೆ ರೂಲರು ತಟ್ಟಿದ ಸದ್ದಾಯಿತು. ಕಣ್ಣು ಮುಚ್ಚಿ ಕೂತ ಸಿಸ್ಟರ್, ಬೆಂಚಿನ ಮೊಳೆ, ಗೋಡೆಯ ಕಡೆ ನಾನು, ದಾರಿಯ ಕಡೆ ಹಳೆಯ ಸ್ಕರ್ಟಿನ ಆಗ್ನೇಸ್. ಅವಳ ಹೆಸರಿನ ಮುಂದೆ ನನ್ನ ದನಿ, ನನ್ನ ಹೆಸರಿನ ಮುಂದೆ ಅವಳದು. ಆ ಮೊಳೆಯನ್ನು ನಾನು ಎರಡೂವರೆ ವರ್ಷ ಉಪಕಾರವೆಂದು ನೆನಪಿಟ್ಟುಕೊಂಡಿದ್ದೆ, ಅದರಿಂದಾದ ತಪ್ಪು ಮಾತ್ರ ಹೊಳೆದಿರಲಿಲ್ಲ.

"ಹಾಗಾದ್ರೆ ಅವಳು ಹೋಗೋವಾಗ..."

"ಅವಳ ದನೀಲೇ ಹೋದ್ಲು" ಎಂದಳು ಜ್ಞಾನಮ್ಮ. "ಶುಕ್ರವಾರ ಜ್ವರ ತಗೊಂಡು ಬಂದ್ಲಲ್ಲ, ಅಮ್ಮ ಚಳಿ ಅಂದ್ಲು. ಅಯ್ಯೋ ನನ್ ಕಂದ, ನಿಂದೇ ದನಿ ಬಂದೈತಲ್ಲೇ ಅಂದೆ. ಹೌದಾಮ್ಮ ಅಂತ ಕೇಳಿದ್ಲು. ಒಂಬತ್ತು ದಿನ ಅವಳ ದನೀಲೇ ಮಾತಾಡಿದ್ಲು. ಅಷ್ಟಾದ್ರೂ ಕೊಟ್ನಲ್ಲ ದೇವ್ರು."

"ಮತ್ತೆ ನಮಗೆ ಯಾಕಮ್ಮ ಹೇಳ್ಲಿಲ್ಲ? ಹದಿನೈದು ಸಲ ಬಂದ್ರಲ್ಲ ಎಲ್ಲರೂ?"

ಅವಳು ಕೊಳಗದ ಮುಚ್ಚಳ ಸರಿಸಿ, ಸಾರು ತಿರುವಿ, ಮತ್ತೆ ಮುಚ್ಚಿದಳು. "ಹೇಳಿದ್ರೆ ಬರ್ತಿದ್ರಾ? ಆ ಮಿಲ್ಲಿನ ಹುಡುಗ ಗಡಗಡ ನಡುಗ್ತಾ ಬಂದು ಸಾರು ಕೇಳ್ದಾಗ ಏನಂತ ಹೇಳ್ಲಿ, ತಪ್ಪು ದನಿ ತಂದಿದೀಯ ವಾಪಸ್ ಹೋಗು ಅಂತಾನಾ? ಹುಡುಗ್ರು ಬರೋರು, ಉಣ್ಣೋರು. ನಂಗೂ ದಿನ ಹೋಗೋದು." ತಟ್ಟೆಗೆ ಮುದ್ದೆ ಹಾಕುತ್ತ, "ಅಲ್ದೆ ತಾಯಿಲ್ದಿರೋ ಮಗು ದನಿ. ನಿಮ್ಮಪ್ಪಂಗೂ ಕಿವಿ ಕೇಳ್ಸಲ್ಲ. ತಿಂಗಳಿಗೊಂದು ಸಲನಾದ್ರೂ ಅದನ್ನ ಗುರುತು ಹಿಡಿದು ಕೇಳೋರು ಒಬ್ರು ಬೇಡ್ವಾ?" ಎಂದಳು.

ನನ್ನ ದನಿ ನನಗೆ ಬಂದಿತ್ತು, ಮಣ್ಣಿನಿಂದ ಎದ್ದು ಬಂದಷ್ಟೇ ಖುಷಿ. ಅದೇ ಗಳಿಗೆಯಲ್ಲಿ ಆಗ್ನೇಸ್ ಎರಡನೆಯ ಸಲ ಸತ್ತಿದ್ದಳು. ಇಷ್ಟು ದಿನ ನಾವು ಅವಳದೆಂದು ಹೊತ್ತು ತಿರುಗಿದ್ದರಲ್ಲಿ ಅವಳದು ಏನೂ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅದರ ನಡುವೆಯೇ ಆಣೆಯ ವಿಷಯವನ್ನೂ ಕಾಲೇಜಿನ ವಿಷಯವನ್ನೂ ಅವಳಿಗೆ ಹೇಳಿದೆ.

ಜ್ಞಾನಮ್ಮ ಎದ್ದು ಹೊರಗೆ ಹೋದಳು. ಊಟಕ್ಕೆ ಕರೆಯಲು ನೇತುಹಾಕಿದ್ದ ರೈಲುಕಂಬಿಯ ತುಂಡನ್ನು ಸೌಟಿನಿಂದ ಮೂರು ಸಲ ಬಡಿದಳು. ಚರ್ಚಿನ ಗಂಟೆ ನನಗಾಗಿ ಹೊಡೆದುಕೊಳ್ಳಲಿಲ್ಲ. ಹೊಡೆದುಕೊಂಡದ್ದು ಈ ಕಂಬಿಯೇ. ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಬೋರ್ಡಿಂಗಿನ ಮಕ್ಕಳು ತಟ್ಟೆ ಹಿಡಿದು ಓಡಿ ಬಂದರು, ಹಿಂದೆಯೇ ನಮ್ಮ ತರಗತಿಯವರೂ ಬಂದರು. ಎಲ್ಲರ ಮುಂದೆ ಶಿವರುದ್ರ ಗಡಿಯಾರ ನೋಡಿಕೊಳ್ಳುತ್ತ, "ಟೈಮ್ ಆಗಿಲ್ವಲ್ಲಮ್ಮ?" ಎಂದ.

ಜ್ಞಾನಮ್ಮ ನನ್ನ ಮುಖ ನೋಡಿದಳು. ಹೇಳಲೇ ಎಂದು ಕೇಳುವಂತಿತ್ತು. ನಾನು ಆ ನಲವತ್ತು ಮುಖಗಳನ್ನು ನೋಡಿದೆ. ತಲೆ ಬಾಚಿಕೊಂಡು ಬಂದ ಉಡಾಳರು, ತಾಹಿರಾ, ಬೆನ್ನಿ. ಬೇಡ ಎಂದು ತಲೆ ಅಲ್ಲಾಡಿಸಿದೆ.

"ಕೈ ತಪ್ಪಿ ತಗುಲ್ತು ಕಣಪ್ಪ" ಎಂದಳು. "ಬಂದಿದ್ದೂ ಆಯ್ತು, ಒಂದ್ಮಾತು ಕೇಳ್ರಿ. ಇವಳು ಕಾಲೇಜಿಗೆ ಹೋಗ್ಲಿ. ನಿಮ್ಮ ಆಣೆ ನಾನು ಬಿಡಿಸಿದ್ದೀನಿ."

"ಅದು ಹೆಂಗಾಗ್ತದಮ್ಮ? ಆಗ್ನೇಸ್ ದನಿ ಊರು ಬಿಟ್ಟು..."

"ನನ್ ಮಗಳ ದನಿ ನನ್ ಹತ್ರಾನೇ ಐತೆ" ಎಂದಳು ಜ್ಞಾನಮ್ಮ. "ಅದೆಲ್ಲೂ ಹೋಗಲ್ಲ. ಇವಳಿಗೆ ಅಷ್ಟೊಂದು ಅನ್ನಿಸಿದ್ರೆ ಸಿಸ್ಟರ್ ಆಫೀಸಲ್ಲಿ ಫೋನಿಲ್ವಾ?"

ಶಿವರುದ್ರ ಅದಕ್ಕೆ ನಿಯಮ ಹುಡುಕಿದ, ಸಿಗಲಿಲ್ಲ. ದೊಡ್ಡ ಮನಸ್ಸಿನ ತಾಯಿ ಎಂದು ಎಲ್ಲರೂ ಅತ್ತರು. ಮೂರು ಸಲ ಬಡಿದದ್ದನ್ನು ಯಾರೂ ಎಣಿಸಿರಲಿಲ್ಲ.

ನಾನು ಹೋದೆ, ಓದಿದೆ, ದೂರದ ಊರುಗಳಲ್ಲಿ ಕೆಲಸ ಮಾಡಿದೆ. ಅಲ್ಲೆಲ್ಲ ದನಿ ಬದಲಾಗುವುದಿಲ್ಲ. ಆದರೂ ನಾನು ಯಾರೆಂಬುದು ಅಂದುಕೊಂಡಷ್ಟು ಬೇಗ ತೀರ್ಮಾನವಾಗಲಿಲ್ಲ. ಈ ದನಿ ನನ್ನದೇ ಎಂದು ನನಗೆ ಗೊತ್ತು, ಆದರೆ ಕಿವಿಗೆ ಇವತ್ತಿಗೂ ಪರಕೀಯ. ಮೊದಲ ಶುಕ್ರವಾರ ಮಧ್ಯಾಹ್ನ ಮಾತ್ರ ತಪ್ಪದೆ ಫೋನು ಮಾಡುತ್ತಿದ್ದೆ. ಮೊದಮೊದಲು ಆಫೀಸಿನ ಫೋನು, ಆಮೇಲೆ ಬೋರ್ಡಿಂಗಿನ ಹಿಂದೆ ಸಿಸ್ಟರುಗಳು ಅವಳಿಗೆ ಕೊಟ್ಟ ಕೋಣೆಯಲ್ಲಿದ್ದ ಮೊಬೈಲು. "ಅಮ್ಮ, ಇವತ್ತೇನ್ ಸಾರು?" ಎಂದರೆ ಅತ್ತಲಿಂದ, "ಅವರೆಕಾಳು ಕಣೇ ರೆಜಿನಾ" ಎಂದು ಬರುತ್ತಿತ್ತು. ಜಗತ್ತಿನಲ್ಲಿ ಈ ದನಿ ಕೇಳಿ ಆ ಹೆಸರು ಹೇಳುತ್ತಿದ್ದವಳು ಅವಳೊಬ್ಬಳೇ. ತರಗತಿಯವರು ಸೇರಿದಾಗಲೆಲ್ಲ ಶಿವರುದ್ರ, ಈಗ ಮಿಲ್ಲಿನ ಮಾಲೀಕ, ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡು, "ಸ್ವಲ್ಪ ಏನಾದ್ರೂ ಮಾತಾಡು. ಆಗ್ನೇಸ್ ಇದ್ದಂಗೇ ಆಗ್ತದೆ" ಎನ್ನುತ್ತಾನೆ. ನಾನು ಮಾತಾಡುತ್ತೇನೆ.

ಕಳೆದ ಮೊದಲ ಶುಕ್ರವಾರ ಫೋನು ಎತ್ತಲು ತಡವಾಯಿತು. ಜ್ಞಾನಮ್ಮನಿಗೆ ಈಚೆಗೆ ನೆನಪು ಸರಿಯಿಲ್ಲ, ಉಂಡದ್ದೂ ಮರೆಯುತ್ತಾಳೆ ಎಂದು ಸಿಸ್ಟರ್ ಹೇಳಿದ್ದರು. ನಾನು ಎಂದಿನಂತೆ, "ಅಮ್ಮ, ಇವತ್ತೇನ್ ಸಾರು?" ಎಂದೆ.

ಅತ್ತ ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ ಅವಳು ಕೇಳಿದಳು: "ಯಾರೇ ಅದು? ಆಗ್ನೇಸಾ?"

ಇಷ್ಟು ವರ್ಷಗಳಲ್ಲಿ ಈ ದನಿಗೆ ಅವಳು ಆ ಹೆಸರಿಟ್ಟು ಕರೆದಿರಲಿಲ್ಲ. ಅಲ್ಲಮ್ಮ, ನಾನು ರೆಜಿನಾ, ಇದು ನನ್ನ ದನಿ, ನೀನೇ ಹೇಳಿದ್ದೆ ಎನ್ನಬೇಕೆಂದು ಬಾಯಿ ತೆರೆದೆ. ಇದು ನನ್ನದೆನ್ನಲು ಸಾಕ್ಷಿಯೆಂದು ಇದ್ದವಳು ಅವಳೊಬ್ಬಳೇ. ಕೈಯಲ್ಲಿ ಫೋನು ಹಿಡಿದು ನನ್ನ ಮನೆಯ ಅಡುಗೆಮನೆಯ ನಡುವೆ ನಿಂತಿದ್ದೆ. ಬೆಂಚಿನ ಮೊಳೆ ನೆನಪಾಯಿತು, ಹಳೆಯ ಸ್ಕರ್ಟು ನೆನಪಾಯಿತು.

"ಹೂಂ ಅಮ್ಮ, ನಾನೇ" ಎಂದೆ.

"ಹುರುಳಿ ಸಾರು" ಎಂದಳು. "ಬೇಗ ಬಾ, ಮುದ್ದೆ ಆರೋಗ್ತದೆ."